ಎತ್ತರಿಸಿದ ಹಳೆಯ ಜೀಪಿಗೆ ಹಿಂದಿನ ಆಕ್ಸಲ್ ಬದಲಾವಣೆ: ಸಮಗ್ರ ಮಾರ್ಗದರ್ಶಿ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಇಂದಿಗೂ ಗೊಬ್ಬರ, ಕಾಫಿ ಮೂಟೆ ಮತ್ತು ಆಳುಗಳನ್ನು ಹೊತ್ತು ಓಡಾಡುವ ಹಳೆಯ ಮಹೀಂದ್ರ ಜೀಪುಗಳಲ್ಲಿ ಹಲವನ್ನು ಮಾಲೀಕರು ಎರಡರಿಂದ ಐದು ಇಂಚುಗಳವರೆಗೆ ಎತ್ತರಿಸಿಕೊಂಡಿದ್ದಾರೆ. ಮಳೆಗಾಲದ ಕೊರಕಲು ದಾರಿಯಲ್ಲಿ ಗಾಡಿಯ ಹೊಟ್ಟೆ ತಗುಲಬಾರದೆಂಬುದು ಇದಕ್ಕೆ ಕಾರಣ. ಎತ್ತರಿಸಿ ದೊಡ್ಡ ಟೈರು ಹಾಕಿದ ಮೇಲೆ ಹಿಂದಿನ ಆಕ್ಸಲ್‌ನ, ಅಂದರೆ ಹಿಂದಿನ ಎರಡು ಚಕ್ರಗಳನ್ನು ಹೊತ್ತ ಅಚ್ಚಿನ, ಶಾಫ್ಟ್ ಮತ್ತು ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಆಗ ಗುಜರಿಯಿಂದ ಬೇರೊಂದು ಆಕ್ಸಲ್ ತಂದು ಕೂರಿಸುವ ಯೋಚನೆ ಬರುವುದು ಸಹಜ. ಬೋಲ್ಟ್ ಬಿಚ್ಚಿ ಕಟ್ಟುವುದು ಈ ಕೆಲಸದ ಸುಲಭದ ಭಾಗ. ಕೆಲಸ ಕೆಡುವುದು ಮೂರು ಅಳತೆಗಳಲ್ಲಿ: ಗೇರ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ತಿರುಗಬೇಕಾದ ಸುತ್ತುಗಳು), ಆಕ್ಸಲ್‌ನ ನಡುಗೆರೆ (ಅದು ಗಾಡಿಗೆ ಓರೆಯಾಗದೆ ಕೂರುವ ರೇಖೆ) ಮತ್ತು ಪಿನಿಯನ್‌ನ (ಎಂಜಿನ್‌ನ ಬಲವನ್ನು ಆಕ್ಸಲ್‌ಗೆ ಒಯ್ಯುವ ಸಣ್ಣ ಹಲ್ಲುಚಕ್ರದ) ಕೋನ. ಈ ಮೂರನ್ನು ವೆಲ್ಡಿಂಗ್‌ಗೆ ಮೊದಲೇ ಖಚಿತಪಡಿಸಿಕೊಂಡರೆ ಉಳಿದದ್ದು ಯಾವ ಅನುಭವಿ ಮೆಕ್ಯಾನಿಕ್‌ನ ಕೈಯಲ್ಲಾದರೂ ಸಾಗುತ್ತದೆ.

ಇಲ್ಲಿ ಮುಖ್ಯವಾಗಿ ಸಿಜೆ-3ಬಿ (ಹಳೆಯ ಗಿಡ್ಡ ಜೀಪಿನ ಮಾದರಿ) ವಂಶದ, ಲೀಫ್ ಸ್ಪ್ರಿಂಗ್ (ಉಕ್ಕಿನ ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗ್) ಇರುವ, 80 ಇಂಚಿನ ವೀಲ್‌ಬೇಸ್‌ನ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರದ) ಜೀಪನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಇದೇ ಕ್ರಮ ಉದ್ದದ ಜೀಪುಗಳಿಗೂ ಹಳೆಯ ಪಿಕಪ್‌ಗಳಿಗೂ ಅನ್ವಯಿಸುತ್ತದೆ; ಅಂಕಿಗಳು ಮಾತ್ರ ಬದಲಾಗುತ್ತವೆ.

ಮೊದಲು ಕಾಗದಪತ್ರ

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಕೆಲಸಕ್ಕೆ ಮುನ್ನ ನಿಮ್ಮ ಜೀಪು ನೋಂದಣಿಯಾಗಿರುವ ಸಾರಿಗೆ ಕಚೇರಿಯಲ್ಲಿ, ಅಂದರೆ ಕೆಎ-13 ಆದರೆ ಹಾಸನದಲ್ಲಿ, ಕೆಎ-18 ಆದರೆ ಚಿಕ್ಕಮಗಳೂರಿನಲ್ಲಿ, ಕೆಎ-46 ಆದರೆ ಸಕಲೇಶಪುರದಲ್ಲಿ ಲಿಖಿತವಾಗಿ ವಿಚಾರಿಸಿ. ವಿಮಾ ಕಂಪನಿಗೂ ತಿಳಿಸಿ. 50 ವರ್ಷ ದಾಟಿದ ಗಾಡಿಯಾದರೆ ಇನ್ನೊಂದು ಸಂಗತಿ ನೆನಪಿರಲಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವು ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ. ಮುಂದೊಂದು ದಿನ ಆ ನೋಂದಣಿ ಬೇಕೆನ್ನುವವರು ಹಳೆಯ ಆಕ್ಸಲನ್ನು ಮಾರಬಾರದು.

ಯಾವ ಆಕ್ಸಲ್ ತರಬೇಕು

ಸಿಜೆ-3ಬಿಯ ಹಿಂದಿನ ಆಕ್ಸಲ್ ಡಾನಾ 44 ಮಾದರಿಯದು. ಅದರ ಕ್ರೌನ್ ಪಿನಿಯನ್, ಅಂದರೆ ದೊಡ್ಡ ಮತ್ತು ಸಣ್ಣ ಹಲ್ಲುಚಕ್ರಗಳ ಜೋಡಿ, ಗಟ್ಟಿಮುಟ್ಟಾದುದೇ. ದುರ್ಬಲ ಜಾಗವಿರುವುದು ಶಾಫ್ಟ್‌ನ ತುದಿಯಲ್ಲಿ. ಅಲ್ಲಿ ಹಬ್ ಕೂರುವುದು ಮೊನಚಾದ ಇಳಿಜಾರಿನ ಮೇಲೆ, ಒಂದು ಸಣ್ಣ ಕೀಲಿ ಮತ್ತು ನಟ್‌ನ ಆಸರೆಯಿಂದ. ನಟ್ ಸ್ವಲ್ಪ ಸಡಿಲವಾದರೂ ಕೀಲಿ ತಾನು ಕೂತ ತೋಡನ್ನು ತಿಂದುಹಾಕುತ್ತದೆ. ಶಾಫ್ಟ್ ತುಂಡಾದರೆ ಚಕ್ರವೇ ಹೊರಗೆ ಬರುತ್ತದೆ. ದೊಡ್ಡ ಟೈರು ಮತ್ತು ಭಾರದ ಮೂಟೆ ಎರಡೂ ಸೇರಿದಾಗ ಈ ಜೋಡಣೆ ಸೋಲುತ್ತದೆ. ಶಾಫ್ಟ್ ಮತ್ತು ಫ್ಲೇಂಜ್ ಒಂದೇ ತುಂಡಾಗಿರುವ, ಬ್ರೇಕ್ ಡ್ರಮ್ ದೊಡ್ಡದಿರುವ ಆಕ್ಸಲ್ ಬೇಕೆನಿಸುವುದು ಇದಕ್ಕಾಗಿಯೇ. ನಿಮ್ಮ ತೊಂದರೆ ಸೀಲ್ ಸೋರಿಕೆ ಅಥವಾ ಬೇರಿಂಗ್ ಸದ್ದು ಮಾತ್ರವಾಗಿದ್ದರೆ ಆಕ್ಸಲ್ ಬದಲಿಸುವುದು ದುಂದು. ಹಳೆಯದನ್ನೇ ರಿಪೇರಿ ಮಾಡಿಸಿ.

ಗುಜರಿಯಲ್ಲಿ ನೋಡಬೇಕಾದ ಮೊದಲ ಸಂಗತಿ ಡಿಫರೆನ್ಶಿಯಲ್ (ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಉಂಡೆ) ಎಲ್ಲಿದೆ ಎಂಬುದು. ಸಿಜೆ ವಂಶದ ಜೀಪುಗಳಲ್ಲಿ ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಪೆಟ್ಟಿಗೆಯ) ಹಿಂದಿನ ಔಟ್‌ಪುಟ್ ಗಾಡಿಯ ನಡುವಿನಲ್ಲಿ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಆದ್ದರಿಂದ ಡಿಫರೆನ್ಶಿಯಲ್ ಕೂಡ ಬಲಕ್ಕೆ ಸರಿದಿರುತ್ತದೆ. ನಡುಮಧ್ಯದಲ್ಲಿ ಡಿಫರೆನ್ಶಿಯಲ್ ಇರುವ ಆಕ್ಸಲ್ ತಂದರೆ ಟ್ರಾನ್ಸ್‌ಫರ್ ಕೇಸ್‌ನಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೆಳಕ್ಕೆ ಇಳಿಯುವುದರ ಜೊತೆಗೆ ಪಕ್ಕಕ್ಕೂ ವಾಲುತ್ತದೆ. ಎರಡೂ ಕೋನಗಳು ಕೂಡಿ ಶಾಫ್ಟ್ ತುದಿಯ ಜಾಯಿಂಟ್ ಅನುಭವಿಸುವ ನಿಜವಾದ ಕೋನ ಇನ್ನೂ ಹೆಚ್ಚಾಗುತ್ತದೆ. ಇದನ್ನು ಲೆಕ್ಕ ಹಾಕಲು ಎರಡೂ ಕೋನಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸಾಕು. ಮೇಲಿನಿಂದ ಕೆಳಕ್ಕೆ 12 ಡಿಗ್ರಿ, ಪಕ್ಕಕ್ಕೆ 9 ಡಿಗ್ರಿ ಇದ್ದರೆ ಒಟ್ಟು ಸುಮಾರು 15 ಡಿಗ್ರಿ. ಗಿಡ್ಡ ಜೀಪಿಗೆ ಇದು ವಿಪರೀತ. ಅದೇ ಮಹೀಂದ್ರ ವಂಶದ ನಂತರದ ಜೀಪಿನ ಆಕ್ಸಲ್ ಸಿಕ್ಕರೆ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತರುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಅಗಲ. ಒಂದು ಚಕ್ರ ಕೂರುವ ಮುಖದಿಂದ ಇನ್ನೊಂದು ಚಕ್ರ ಕೂರುವ ಮುಖದವರೆಗೆ ಅಳೆಯಿರಿ. ಡ್ರಮ್ ಹಾಕಿದ ಸ್ಥಿತಿಯಲ್ಲೇ ಅಳೆಯಬೇಕು. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಪ್ರತಿ ಬದಿಗೆ ಒಂದೆರಡು ಇಂಚಿಗಿಂತ ಹೆಚ್ಚು ಹೊರಗೆ ಬಂದರೆ, ಎರಡು ಗೆರೆಯ ತೋಟದ ದಾರಿಯಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡು ಹಿಡಿಯದೆ ಚರಂಡಿಯ ಅಂಚನ್ನು ತುಳಿಯುತ್ತದೆ. ಚಕ್ರದ ಸ್ಟಡ್‌ಗಳನ್ನೂ ನೋಡಿ. ಜೀಪಿನದು 5 ಸ್ಟಡ್, 5.5 ಇಂಚು, ಅಂದರೆ 139.7 ಮಿ.ಮೀ. ವೃತ್ತ. ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್‌ಗಳು ಎಡಮುರಿಯವು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವವು; ಹೊಸ ಆಕ್ಸಲ್‌ನಲ್ಲಿ ಎಲ್ಲವೂ ಬಲಮುರಿಯಾಗಿರಬಹುದು. ಹಾಗಿದ್ದರೆ ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆಯ ನಟ್ ಎಂಬುದನ್ನು ಚಾಲಕನಿಗೂ ಪಂಕ್ಚರ್ ಅಂಗಡಿಯವರಿಗೂ ಗೊತ್ತಾಗುವಂತೆ ಬಣ್ಣ ಬಳಿದು ಗುರುತಿಸಿ. ಇಲ್ಲವಾದರೆ ಯಾರಾದರೊಬ್ಬರು ಪೈಪು ಸಿಕ್ಕಿಸಿ ತಿರುಗಿಸಿ ಸ್ಟಡ್ ಮುರಿಯುತ್ತಾರೆ.

ಮೂರನೆಯದು ಅನುಪಾತ. ಇದು ಎಲ್ಲಕ್ಕಿಂತ ಮುಖ್ಯ. ಸಿಜೆ-3ಬಿಯ ಅನುಪಾತ 5.38, ಅಂದರೆ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8 ಹಲ್ಲು. 39ಕ್ಕೆ 8 ಇದ್ದರೆ 4.88. ಗುಜರಿಯವರ ಬಾಯಿಮಾತನ್ನು ನಂಬದೆ ನೀವೇ ಎಣಿಸಿ. ಹೌಸಿಂಗ್‌ನ (ಆಕ್ಸಲ್‌ನ ಹೊರ ಕವಚದ) ಮುಚ್ಚಳ ತೆಗೆಯಲು ಬಿಡದಿದ್ದರೆ ಒಂದು ಬದಿಯ ಡ್ರಮ್ಮನ್ನು ಅಲುಗದಂತೆ ಹಿಡಿದು, ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪಿನಿಯನ್ ಫ್ಲೇಂಜ್ ಎಷ್ಟು ಸುತ್ತು ತಿರುಗಿತೆಂದು ಸೀಮೆಸುಣ್ಣದ ಗುರುತಿನಿಂದ ಎಣಿಸಿ. ಐದು ಸುತ್ತು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಾದರೆ 5.38; ಐದಕ್ಕೆ ಎಂಟನೇ ಒಂದು ಭಾಗ ಕಡಿಮೆಯಾದರೆ 4.88.

ಮುಂದಿನ ಆಕ್ಸಲ್‌ನ ಅನುಪಾತಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇರಕೂಡದು. ಮುಂದೆ 5.38, ಹಿಂದೆ 4.88 ಇದ್ದರೆ ಫೋರ್ ವೀಲ್ (ನಾಲ್ಕೂ ಚಕ್ರಗಳಿಗೆ ಬಲ) ಹಾಕಿದ ಕೂಡಲೇ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಶೇ. 10ರಷ್ಟು ಹೆಚ್ಚು ದೂರ ಹೋಗಲು ಒತ್ತುತ್ತವೆ. ಕೆಸರಿನಲ್ಲಿ ಟೈರು ಜಾರಿ ಒತ್ತಡ ತಗ್ಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಜಾಗವಿಲ್ಲದೆ ಟ್ರಾನ್ಸ್‌ಫರ್ ಕೇಸ್ ಅಥವಾ ಜಾಯಿಂಟ್ ಒಡೆಯುತ್ತದೆ. "ಫೋರ್ ವೀಲ್ ಬಳಸುವುದೇ ಇಲ್ಲ" ಎಂದು ಹೇಳಿ ಹಾಗೆಯೇ ಕೂರಿಸುವವರಿದ್ದಾರೆ. ಜುಲೈ ತಿಂಗಳ ಮಳೆಯಲ್ಲಿ ಆ ಮಾತು ನಿಲ್ಲುವುದಿಲ್ಲ. ಅನುಪಾತ ಹೊಂದದಿದ್ದರೆ ಮುಂದಿನ ಕ್ರೌನ್ ಪಿನಿಯನ್ ಕೂಡ ಬದಲಿಸಿ, ಇಲ್ಲವೇ ಬೇರೆ ಆಕ್ಸಲ್ ಹುಡುಕಿ.

ಟೈರಿನ ಲೆಕ್ಕವನ್ನೂ ಇಲ್ಲಿಯೇ ಮುಗಿಸಿಕೊಳ್ಳಿ. 28 ಇಂಚಿನ ಟೈರಿನಿಂದ 31 ಇಂಚಿಗೆ ಹೋದರೆ 5.38ರ ಗೇರು 4.86ರಂತೆ ವರ್ತಿಸುತ್ತದೆ. ಅದರ ಜೊತೆಗೆ 4.88ರ ಆಕ್ಸಲನ್ನೂ ಹಾಕಿದರೆ ಪರಿಣಾಮ 4.41ಕ್ಕೆ ಇಳಿಯುತ್ತದೆ, ಮೂಟೆ ಹೇರಿಕೊಂಡು ತೋಟದ ಕಡಿದಾದ ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಸುಡುತ್ತದೆ.

ತಂದ ಆಕ್ಸಲಿನ ತಪಾಸಣೆ

ಡ್ರೇನ್ ಪ್ಲಗ್ ಬಿಚ್ಚಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಬೂದಿಬಣ್ಣದ ನುಣ್ಣನೆಯ ಕೆಸರು ಸಹಜ. ಕಣ್ಣಿಗೆ ಕಾಣುವ ಲೋಹದ ಚೂರು ಸಹಜವಲ್ಲ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆ ಎಂದರ್ಥ, ಬೇರಿಂಗ್‌ಗಳನ್ನು ಬಿಚ್ಚಿ ತುಕ್ಕು ಹುಡುಕಲೇಬೇಕು. ಮುಚ್ಚಳ ತೆಗೆದು ಡಯಲ್ ಗೇಜ್‌ನಿಂದ ಕ್ರೌನ್‌ನ ಆಟವನ್ನು (ಹಲ್ಲುಗಳ ನಡುವಿನ ಸಡಿಲವನ್ನು) ಮೂರು ನಾಲ್ಕು ಜಾಗದಲ್ಲಿ ಅಳೆಯಿರಿ. ಡಾನಾ 44 ಬಗೆಯ ಆಕ್ಸಲ್‌ಗಳಿಗೆ 0.13ರಿಂದ 0.25 ಮಿ.ಮೀ. ಸರಿ. ಹೊಂದಿಕೊಂಡು ಓಡಿದ ಕ್ರೌನ್ ಪಿನಿಯನ್ ಅಳತೆಯೊಳಗಿದ್ದರೆ ಅದನ್ನು ಬಿಚ್ಚದೆ ಬಿಡುವುದೇ ಮೇಲು. ಹೌಸಿಂಗ್ ಬಾಗಿದೆಯೇ ಎಂದು ತಿಳಿಯಲು ಎರಡೂ ತುದಿಗಳ ಬ್ರೇಕ್ ಪ್ಲೇಟ್ ಕೂರುವ ಮುಖಗಳಿಗೆ ಉದ್ದನೆಯ ನೇರ ಪಟ್ಟಿ ಒತ್ತಿ, ಎದುರುಬದುರಾಗಿ ಮೇಲೆ, ಕೆಳಗೆ, ಮುಂದೆ, ಹಿಂದೆ ಅಂತರ ಅಳೆಯಬಹುದು. ಬಾಗಿದ ಹೌಸಿಂಗ್‌ನಲ್ಲಿ ಯಾವ ಸೀಲ್ ಹಾಕಿದರೂ ಸೋರುತ್ತದೆ. ಸೀಲ್, ಗ್ಯಾಸ್ಕೆಟ್, ವೀಲ್ ಸಿಲಿಂಡರ್ ರಬ್ಬರ್‌ಗಳನ್ನು ಮೇಜಿನ ಮೇಲಿರುವಾಗಲೇ ಹೊಸದಾಗಿ ಹಾಕಿ.

ಡ್ರಮ್ಮಿನೊಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ.

ಹಳೆಯದನ್ನು ಇಳಿಸುವುದು

ಇಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ವಿಷಯವಿದೆ. ಸಿಜೆ ವಂಶದ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್‌ನ ಹಿಂದೆ ಇರುವ ಡ್ರಮ್ ಮೂಲಕ ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟ್ ಬಿಚ್ಚಿದ ಮರುಕ್ಷಣ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಶಾಫ್ಟ್ ಇದ್ದಾಗಲೂ ಹಿಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿದರೆ ಡಿಫರೆನ್ಶಿಯಲ್ ಮೂಲಕ ಆ ಚಕ್ರ ಸುತ್ತಿ ಗಾಡಿ ಉರುಳಬಲ್ಲದು. ಆದ್ದರಿಂದ ಸಮತಟ್ಟಾದ ಸಿಮೆಂಟ್ ನೆಲ ಹುಡುಕಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಟ್ಟು, ನಂತರವೇ ಹಿಂಭಾಗ ಎತ್ತಿ. ಚಾಸಿ ಹೊರುವುದು ಕಬ್ಬಿಣದ ಸ್ಟ್ಯಾಂಡ್‌ಗಳ ಮೇಲಿರಬೇಕು. ಜಾಕ್‌ನ ಮೇಲೂ ಅಲ್ಲ, ಜಂಬಿಟ್ಟಿಗೆ ಕಲ್ಲು ಅಥವಾ ಸಿಮೆಂಟ್ ಬ್ಲಾಕ್ ಮೇಲಂತೂ ಅಲ್ಲವೇ ಅಲ್ಲ. ಎತ್ತರಿಸಿದ ಗಾಡಿಗೆ ಉದ್ದನೆಯ ಸ್ಟ್ಯಾಂಡ್ ಬೇಕಾಗುತ್ತದೆ, ಅದನ್ನು ಮೊದಲೇ ಹೊಂದಿಸಿಕೊಳ್ಳಿ.

ಬಿಚ್ಚುವ ಹಿಂದಿನ ದಿನವೇ ಯು ಬೋಲ್ಟ್ (ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವುದು) ಮತ್ತು ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಯುವ ಕೊಂಡಿ) ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಇನ್ನೂ ಏನನ್ನೂ ಬಿಚ್ಚುವ ಮುನ್ನ, ಗಾಡಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ, ಈ ಅಳತೆಗಳನ್ನು ಬರೆದುಕೊಳ್ಳಿ: ಎರಡೂ ಬದಿಯ ವೀಲ್‌ಬೇಸ್, ಸ್ಪ್ರಿಂಗ್‌ಗಳ ನಡುಗೆರೆಯಿಂದ ನಡುಗೆರೆಗೆ ಇರುವ ದೂರ, ಚಾಸಿಯಿಂದ ಚಕ್ರದ ಮುಖಕ್ಕೆ ಇರುವ ದೂರ, ಟ್ರಾನ್ಸ್‌ಫರ್ ಕೇಸ್ ಔಟ್‌ಪುಟ್‌ನ ಕೋನ, ಪಿನಿಯನ್‌ನ ಕೋನ. ಹಳೆಯ ಆಕ್ಸಲ್ ಒಮ್ಮೆ ಹೊರಗೆ ಬಂದರೆ ಈ ಅಂಕಿಗಳನ್ನು ಮತ್ತೆ ಪಡೆಯಲು ದಾರಿಯಿಲ್ಲ.

ಉಳಿದದ್ದು ಬೇಗ ಸಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಬ್ರೇಕ್ ಹೋಸ್ ಬೇರ್ಪಡಿಸಿ ಬಾಯಿ ಮುಚ್ಚಿ, ಶಾಕ್ ಅಬ್ಸಾರ್ಬರ್‌ಗಳನ್ನು ಕಳಚಿ, ಆಕ್ಸಲ್ ಕೆಳಗೆ ಟ್ರಾಲಿ ಜಾಕ್ ಇಟ್ಟು ಯು ಬೋಲ್ಟ್‌ಗಳನ್ನು ಬಿಚ್ಚಿ. ಅವು ಹಟ ಮಾಡಿದರೆ ಕತ್ತರಿಸಿ ಹಾಕಿ, ಹೇಗೂ ಮತ್ತೆ ಬಳಸುವಂತಿಲ್ಲ. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ. ಎರಡನೇ ಸಲ ಅದು ಹಿಡಿತ ಕೊಡುವುದಿಲ್ಲ. ಸ್ಪ್ರಿಂಗ್‌ನ ಮೂಲ ಜೋಡಣೆಯಲ್ಲಿ ಪ್ಲೇಟುಗಳು ಆಕ್ಸಲ್‌ನ ಕೆಳಗಿರುವುದರಿಂದ, ಹಿಂದಿನ ಶ್ಯಾಕಲ್ ಬಿಚ್ಚಿ ಸ್ಪ್ರಿಂಗನ್ನು ಕೆಳಕ್ಕೆ ತೂಗಾಡಿಸಿದರೆ ಆಕ್ಸಲ್ ಸುಲಭವಾಗಿ ಹಿಂದಕ್ಕೆ ಬರುತ್ತದೆ.

ಎತ್ತರದ ಲೆಕ್ಕ ಮತ್ತು ಪಿನಿಯನ್‌ನ ಕೋನ

ಜೀಪನ್ನು ಎತ್ತರಿಸುವ ವಿಧಾನ ಮೂರು. ಹೆಚ್ಚು ಕಮಾನಿರುವ ಸ್ಪ್ರಿಂಗ್ ಹಾಕುವುದು. ಉದ್ದನೆಯ ಶ್ಯಾಕಲ್ ಹಾಕುವುದು. ಆಕ್ಸಲ್‌ನ ಕೆಳಗಿದ್ದ ಸ್ಪ್ರಿಂಗನ್ನು ಅದರ ಮೇಲೆ ಕೂರಿಸುವುದು. ಉದ್ದನೆಯ ಶ್ಯಾಕಲ್ ಅಗ್ಗದ್ದು, ಆದರೆ ನಾನು ಸೂಚಿಸುವುದಿಲ್ಲ. ಶ್ಯಾಕಲನ್ನು ಎರಡು ಇಂಚು ಉದ್ದ ಮಾಡಿದರೆ ಸಿಗುವ ಎತ್ತರ ಸುಮಾರು ಒಂದೇ ಇಂಚು. ಮೇಲಾಗಿ ಸ್ಪ್ರಿಂಗ್‌ನ ಹಿಂದಿನ ತುದಿ ಕೆಳಗಿಳಿದು ಇಡೀ ಆಕ್ಸಲ್ ತಿರುಗಿ ಪಿನಿಯನ್ ಮೂಗೆತ್ತುತ್ತದೆ. ಗಾಡಿ ಪಕ್ಕಕ್ಕೆ ಓಲಾಡುವುದೂ ಹೆಚ್ಚುತ್ತದೆ. ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ಒಯ್ದರೆ ಆಕ್ಸಲ್ ಕೊಳವೆಯ ದಪ್ಪ, ಪ್ಲೇಟುಗಳ ಕಟ್ಟು, ಸ್ಪ್ರಿಂಗ್ ಕೂರುವ ಸೀಟಿನ ಎತ್ತರ ಎಲ್ಲ ಸೇರಿ ಸುಮಾರು ಐದು ಇಂಚು ಏರುತ್ತದೆ. ಕಾಫಿ ತೋಟದ ಕೆಲಸಕ್ಕೆ ಕಮಾನಿನ ಸ್ಪ್ರಿಂಗ್‌ನಿಂದ ಬರುವ ಎರಡು, ಎರಡೂವರೆ ಇಂಚು ಸಾಕೇ ಸಾಕು.

ಗಿಡ್ಡ ಜೀಪಿನ ಕಷ್ಟವಿರುವುದು ಅದರ ಹಿಂದಿನ ಶಾಫ್ಟ್ ಬಹಳ ಗಿಡ್ಡ ಎಂಬುದರಲ್ಲಿ. ಶಾಫ್ಟ್ 20 ಇಂಚು ಎಂದಿಟ್ಟುಕೊಂಡರೆ, 4 ಇಂಚು ಎತ್ತರಿಸಿದಾಗ ಅದರ ಇಳಿಜಾರು ಇದ್ದದ್ದಕ್ಕಿಂತ ಸುಮಾರು 11 ಡಿಗ್ರಿ ಹೆಚ್ಚುತ್ತದೆ. ಶಾಫ್ಟ್ 36 ಇಂಚಿನ ಉದ್ದದ ಗಾಡಿಯಲ್ಲಿ ಅದೇ 4 ಇಂಚಿಗೆ ಹೆಚ್ಚುವುದು 6 ಡಿಗ್ರಿಗಿಂತ ತುಸು ಮೇಲಷ್ಟೆ. ಉದ್ದದ ಜೀಪಿನಲ್ಲಿ ತೊಂದರೆ ಕೊಡದ ಎತ್ತರ ಗಿಡ್ಡದರಲ್ಲಿ ನಡುಕ ಹುಟ್ಟಿಸಲು ಇದೇ ಕಾರಣ.

ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ, ಎರಡು ಸಲ ಇಳಿಯುತ್ತದೆ. ಮುಂದಿನ ಜಾಯಿಂಟ್ ಹುಟ್ಟಿಸಿದ ಈ ಏರಿಳಿತವನ್ನು ಹಿಂದಿನ ಜಾಯಿಂಟ್ ಅಳಿಸಬೇಕಾದರೆ ಎರಡು ಷರತ್ತುಗಳಿವೆ: ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿರಬೇಕು, ಟ್ರಾನ್ಸ್‌ಫರ್ ಕೇಸ್‌ನ ಔಟ್‌ಪುಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾಂತರವಾಗಿರಬೇಕು. ಪಿನಿಯನ್ ಮೂಗನ್ನು ನೇರವಾಗಿ ಟ್ರಾನ್ಸ್‌ಫರ್ ಕೇಸ್‌ನತ್ತ ಎತ್ತಿ ಕೂರಿಸುವುದು ನಾನು ಪದೇಪದೇ ಕಾಣುವ ದೋಷ. ಸಾಮಾನ್ಯ ಶಾಫ್ಟ್‌ಗೆ ಅದು ಸಲ್ಲದು. ಮೇಲಿನ ತುದಿಯಲ್ಲಿ ಡಬಲ್ ಕಾರ್ಡನ್ ಜಾಯಿಂಟ್ (ಎರಡು ಜಾಯಿಂಟ್‌ಗಳನ್ನು ಒಟ್ಟಿಗೆ ಕೂಡಿಸಿದ್ದು) ಇರುವ ಶಾಫ್ಟ್‌ಗೆ ಮಾತ್ರ ಹಾಗೆ ಕೂರಿಸಬೇಕು.

ಲೀಫ್ ಸ್ಪ್ರಿಂಗ್‌ನ ಮೇಲಿರುವ ಆಕ್ಸಲ್ ಎಂಜಿನ್ ಎಳೆಯುವಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ಪಿನಿಯನ್ ಮೇಲಕ್ಕೆ ಏಳುತ್ತದೆ. ಇದಕ್ಕಾಗಿ ನಿಂತ ಸ್ಥಿತಿಯಲ್ಲಿ ಅದನ್ನು ಸಮಾಂತರಕ್ಕಿಂತ 1ರಿಂದ 2 ಡಿಗ್ರಿ ಕೆಳಗೆ ಇಡಬೇಕು. ಸ್ಪ್ರಿಂಗ್ ಆಕ್ಸಲ್‌ನ ಮೇಲಿದ್ದರೆ ತಿರುಚು ಹೆಚ್ಚಾದ್ದರಿಂದ 3 ಡಿಗ್ರಿಯವರೆಗೂ ಇಡಬಹುದು. ಉದಾಹರಣೆಗೆ, ಔಟ್‌ಪುಟ್ ಹಿಂದಕ್ಕೆ 4 ಡಿಗ್ರಿ ಇಳಿಜಾರಿನಲ್ಲಿದ್ದರೆ ಸಮಾಂತರವಾಗಲು ಪಿನಿಯನ್ ಮೂಗು 4 ಡಿಗ್ರಿ ಮೇಲಕ್ಕಿರಬೇಕು. ತಿರುಚಿಗಾಗಿ 2 ಡಿಗ್ರಿ ಕಳೆದು ಅದನ್ನು 2 ಡಿಗ್ರಿಗೆ ಕೂರಿಸಬೇಕು. ಶಾಫ್ಟ್ 16 ಡಿಗ್ರಿ ಇಳಿಜಾರಿನಲ್ಲಿದ್ದರೆ ಮುಂದಿನ ಜಾಯಿಂಟ್ ಕೆಲಸ ಮಾಡುವ ಕೋನ 12 ಡಿಗ್ರಿ. ಹಿಂದಿನದು ನಿಂತಾಗ 14, ಎಳೆಯುವಾಗ 12ರ ಸಮೀಪ.

ಈ 12 ಡಿಗ್ರಿ ಹೆಚ್ಚೋ ಕಡಿಮೆಯೋ ಎಂಬುದನ್ನು ವೇಗ ನಿರ್ಧರಿಸುತ್ತದೆ. ಸ್ಪೈಸರ್ ಕಂಪನಿಯ ಕೋಷ್ಟಕದ ಪ್ರಕಾರ ನಿಮಿಷಕ್ಕೆ 1,500 ಸುತ್ತಿನಲ್ಲಿ ಗರಿಷ್ಠ ಕೋನ 11.5 ಡಿಗ್ರಿ, 2,500ರಲ್ಲಿ 7 ಡಿಗ್ರಿ, 3,000ದಲ್ಲಿ 5.8 ಡಿಗ್ರಿ. 28 ಇಂಚಿನ ಟೈರು, 5.38ರ ಅನುಪಾತ ಇರುವ ಜೀಪು ಗಂಟೆಗೆ 60 ಕಿ.ಮೀ. ಓಡುವಾಗ ಶಾಫ್ಟ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ. 1,500 ಸುತ್ತು ಎಂದರೆ ಗಂಟೆಗೆ 37 ಕಿ.ಮೀ. ತೋಟ ಬಿಟ್ಟು ಹೊರಬಾರದ ಜೀಪು 12 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಬಾಳಿಕೊಳ್ಳುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡಾಡುವ ಜೀಪು ಅದೇ ಕೋನದಲ್ಲಿ ಜಾಯಿಂಟ್ ಕ್ರಾಸ್‌ಗಳನ್ನು ಒಂದರ ಹಿಂದೊಂದು ತಿನ್ನುತ್ತದೆ. ಅಂಥ ಗಾಡಿಗೆ ಎತ್ತರ ಕಡಿಮೆ ಮಾಡಿ, ಅಥವಾ ಟ್ರಾನ್ಸ್‌ಫರ್ ಕೇಸ್ ಹೊತ್ತ ಅಡ್ಡಪಟ್ಟಿಯನ್ನು ಒಂದಿಂಚು ಕೆಳಗಿಳಿಸಿ, ಅಥವಾ ಡಬಲ್ ಕಾರ್ಡನ್ ಶಾಫ್ಟ್ ಮಾಡಿಸಿ. ಕೋನ ತೀರಾ ಸೊನ್ನೆಯಾಗುವುದೂ ಒಳ್ಳೆಯದಲ್ಲ. ಅರ್ಧ ಡಿಗ್ರಿಯಾದರೂ ಇಲ್ಲದಿದ್ದರೆ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗವನ್ನು ಕುಟ್ಟಿ ಗುಳಿ ಮಾಡುತ್ತವೆ.

ಕೋನ ಅಳೆಯಲು ಡಿಜಿಟಲ್ ಗೇಜ್ ಒಳ್ಳೆಯದು. ಫೋನಿನ ಆ್ಯಪ್ ಬಳಸುವವರು ಅದನ್ನು ಮೊದಲು ರಸಮಟ್ಟದೊಂದಿಗೆ ಹೋಲಿಸಿ ನೋಡಲಿ. ಗೇಜನ್ನು ಎರಕದ ಒರಟು ಮೈಮೇಲೆ ಇಡದೆ, ಕಡೆದು ನಯಗೊಳಿಸಿದ ಫ್ಲೇಂಜ್ ಮುಖದ ಮೇಲೆ ಇಡಬೇಕು.

ಸೀಟು ಕೂರಿಸಿ ಬೆಸೆಯುವುದು

ಹೊಸ ಆಕ್ಸಲ್‌ನ ಹಳೆಯ ಸ್ಪ್ರಿಂಗ್ ಸೀಟುಗಳು ನಿಮ್ಮ ಜೀಪಿನ ಸ್ಪ್ರಿಂಗ್‌ಗೆ ಹೊಂದುವುದು ಅಪರೂಪ. ಅವುಗಳನ್ನು ಗ್ರೈಂಡರ್‌ನಿಂದ, ಕೊಳವೆಯ ಮೈ ತೆಳುವಾಗದಂತೆ ತೆಗೆದು, ಹೊಸ ಸೀಟುಗಳನ್ನು ಬೆಸೆಯದೆಯೇ ಸ್ಪ್ರಿಂಗ್ ಮತ್ತು ಕೊಳವೆಯ ನಡುವೆ ಇಟ್ಟು ಯು ಬೋಲ್ಟ್‌ಗಳನ್ನು ಕೈಬಿಗಿಯಾಗಿ ಹಾಕಿ. ಸೀಟಿನ ನಡುವಿನ ತೂತಿಗೆ ಸ್ಪ್ರಿಂಗ್‌ನ ಸೆಂಟರ್ ಬೋಲ್ಟ್ ತಲೆ ಸಡಿಲವಿಲ್ಲದೆ ಇಳಿಯಬೇಕು; ಆಕ್ಸಲನ್ನು ಜಾಗದಲ್ಲಿ ಹಿಡಿಯುವುದು ಆ ತಲೆಯೇ. ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಸಾಮಾನ್ಯವಾಗಿ ಇರುವಷ್ಟು ಭಾರ ಹೇರಿ, ಹಿಂದೆ ಮುಂದೆ ಒಂದೆರಡು ಅಡಿ ತಳ್ಳಿ ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರುವಂತೆ ಮಾಡಿ. ಕೋನ ಅಳೆಯಬೇಕಾದದ್ದು ಈ ಸ್ಥಿತಿಯಲ್ಲಿ. ಚಾಸಿಯನ್ನು ಸ್ಟ್ಯಾಂಡ್‌ಗಳ ಮೇಲಿಟ್ಟು ಆಕ್ಸಲ್ ತೂಗಾಡುವಾಗ ಹೊಂದಿಸಿದ ಕೋನಕ್ಕೆ ಯಾವ ಬೆಲೆಯೂ ಇಲ್ಲ.

ಪಿನಿಯನ್ ಕೆಳಗೆ ಜಾಕ್ ಕೊಟ್ಟು ಬೇಕಾದ ಕೋನಕ್ಕೆ ತಂದ ಮೇಲೆ, ಎರಡೂ ಬದಿಯ ವೀಲ್‌ಬೇಸ್ ಸಮನಾಗಿದೆಯೇ ಎಂದು ತೂಗುಗುಂಡಿನಿಂದ ನೆಲಕ್ಕೆ ಗುರುತು ಇಳಿಸಿ ಅಳೆಯಿರಿ. ಚಾಸಿಯ ಬಲ ಮುಂಭಾಗದ ಒಂದು ಸ್ಥಿರ ತೂತಿನಿಂದ ಆಕ್ಸಲ್‌ನ ಎಡ ತುದಿಗೆ, ಎಡ ಮುಂಭಾಗದಿಂದ ಬಲ ತುದಿಗೆ ಕರ್ಣಗಳನ್ನೂ ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಡಿ ಓರೆಯಾಗಿ ಓಡುತ್ತದೆ. ತಪ್ಪು ಆಕ್ಸಲ್‌ನದೋ, ತುಕ್ಕು ಹಿಡಿದು ಎಳೆದುಕೊಂಡ ಚಾಸಿಯದೋ ಎಂದು ಹುಡುಕಿ. ಎಲ್ಲ ಸರಿಯಾದಾಗ ಸೀಟಿನ ನಾಲ್ಕು ಮೂಲೆಗೆ ಸಣ್ಣ ಚುಕ್ಕೆ ವೆಲ್ಡ್ ಹಾಕಿ, ಮತ್ತೆ ಎಲ್ಲವನ್ನೂ ಅಳೆದು, ಆಮೇಲೆ ಆಕ್ಸಲನ್ನು ಹೊರತೆಗೆದು ಪೂರ್ತಿ ಬೆಸೆಯಿರಿ.

ಬೆಸೆಯುವ ಮೊದಲು ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದು, ಎಣ್ಣೆ ಪೂರ್ತಿ ಬಸಿದು, ಕೊಳವೆಯ ಮೈಯನ್ನು ಹೊಳೆಯುವವರೆಗೆ ಉಜ್ಜಿ. ವೆಲ್ಡಿಂಗ್‌ನ ಅರ್ತ್ ಕ್ಲಾಂಪನ್ನು ಬೆಸೆಯುವ ಕೊಳವೆಗೇ ಹತ್ತಿರದಲ್ಲಿ ಹಾಕಬೇಕು. ಪಿನಿಯನ್ ಫ್ಲೇಂಜ್‌ಗೆ ಹಾಕಿದರೆ ಕರೆಂಟು ಬೇರಿಂಗ್‌ಗಳ ಮೂಲಕ ಹರಿದು ಅವುಗಳನ್ನು ಸುಡುತ್ತದೆ. 7018 ವೆಲ್ಡಿಂಗ್ ರಾಡ್ ಈ ಕೆಲಸಕ್ಕೆ ತಕ್ಕದ್ದು, ಆದರೆ ಅದು ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪೊಟ್ಟಣ ಒಡೆದು ವಾರಗಟ್ಟಲೆ ಬಿಟ್ಟ ರಾಡ್ ಬೆಸುಗೆಯೊಳಗೆ ಬಿರುಕು ತರುತ್ತದೆ. ಹೊಸ ಪೊಟ್ಟಣ ಬಳಸಿ, ಇಲ್ಲವೇ ಓವನ್ನಿನಲ್ಲಿ ಒಣಗಿಸಿ. ಒಂದೇ ಕಡೆ ಉದ್ದಕ್ಕೆ ಬೆಸೆಯದೆ ಇಂಚು ಇಂಚಾಗಿ, ಒಂದು ಬದಿ ಆದ ಮೇಲೆ ಇನ್ನೊಂದು ಬದಿ, ನಡುವೆ ಕೈ ಇಡುವಷ್ಟು ಆರಲು ಬಿಟ್ಟು ಬೆಸೆಯಿರಿ. ನೀರು ಸುರಿದು ತಣಿಸಬೇಡಿ. ಡಿಫರೆನ್ಶಿಯಲ್‌ನ ಎರಕದ ಮೈಗೆ ಸಾಮಾನ್ಯ ರಾಡ್‌ನಿಂದ ಬೆಸೆಯಲೇಬೇಡಿ. ಸೀಟು ಅದರ ಮೇಲೆ ಬರುವಂತಿದ್ದರೆ ಆ ಆಕ್ಸಲ್ ನಿಮ್ಮ ಗಾಡಿಗೆ ತಕ್ಕದ್ದಲ್ಲ. ಆರಿದ ಮೇಲೆ ಶಾಫ್ಟ್‌ಗಳು ಕೈಯಿಂದ ತಳ್ಳಿದರೆ ಸಲೀಸಾಗಿ ಒಳಹೋಗಬೇಕು. ಹೋಗದಿದ್ದರೆ ಬಿಸಿಗೆ ಹೌಸಿಂಗ್ ಬಾಗಿದೆ.

ಬ್ರೇಕು, ಶಾಫ್ಟು, ಎಣ್ಣೆ

ಹಿಂದಿನ ಡ್ರಮ್ ದೊಡ್ಡದಾದರೆ ಬ್ರೇಕ್ ಒಳ್ಳೆಯದಾಗುತ್ತದೆ ಎಂದುಕೊಳ್ಳುವುದು ಅರ್ಧ ಸತ್ಯ. ಮುಂದಿನ ಬ್ರೇಕು ಹಳೆಯ 9 ಇಂಚಿನದೇ ಆಗಿ ಹಿಂದಿನದು ಬಲವಾದರೆ, ಚಾರ್ಮಾಡಿಯ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳು ಮೊದಲು ಕಚ್ಚಿ ಬಾಲ ಜಾರುತ್ತದೆ. ಹಿಂದಕ್ಕೆ ಚಿಕ್ಕ ಬೋರ್‌ನ (ಒಳವ್ಯಾಸದ) ವೀಲ್ ಸಿಲಿಂಡರ್ ಹಾಕುವುದು, ಅಥವಾ ಮುಂದಿನದನ್ನೂ ದೊಡ್ಡದು ಮಾಡುವುದು ಸರಿಯಾದ ಮಾರ್ಗ. ಎತ್ತರಿಸಿದ ಗಾಡಿಗೆ ಬ್ರೇಕ್ ಹೋಸ್ ಉದ್ದವಾಗಿರಬೇಕು. ಆಕ್ಸಲ್ ಪೂರ್ತಿ ತೂಗಾಡುವಾಗಲೂ ಅದು ಬಿಗಿಯಾಗಬಾರದು. ಬಲಬದಿಯಲ್ಲಿ ಮಾಸ್ಟರ್ ಸಿಲಿಂಡರ್ ಇರುವ ನಮ್ಮ ಗಾಡಿಗಳಲ್ಲಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವುದನ್ನು ಎಡ ಹಿಂದಿನ ಚಕ್ರದಿಂದ ಶುರುಮಾಡಿ. ಪ್ರೊಪೆಲ್ಲರ್ ಶಾಫ್ಟ್ ಹಿಡಿಯುವ ಹಳೆಯ ಹ್ಯಾಂಡ್‌ಬ್ರೇಕನ್ನು ಉಳಿಸಿಕೊಳ್ಳಬಹುದು. ಹೊಸ ಆಕ್ಸಲ್‌ನಲ್ಲಿ ಕೇಬಲ್ ಹ್ಯಾಂಡ್‌ಬ್ರೇಕ್ ಇದ್ದರೆ ಅದನ್ನೂ ಜೋಡಿಸಿಕೊಳ್ಳುವುದು ಇನ್ನೂ ಉತ್ತಮ.

ಪ್ರೊಪೆಲ್ಲರ್ ಶಾಫ್ಟ್‌ನ ಉದ್ದವನ್ನು ಗಾಡಿ ಚಕ್ರದ ಮೇಲೆ ನಿಂತಾಗ ಅಳೆದು ಲೇತ್‌ಗೆ ಕೊಡಿ. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಸ್ಲಿಪ್ ಯೋಕ್‌ಗೆ (ಶಾಫ್ಟ್‌ನ ಒಳಗೆ ಹೊರಗೆ ಜಾರುವ ತುದಿಗೆ) ಇನ್ನೂ ಒಂದಿಂಚು ಜಾಗ ಉಳಿಯಬೇಕು; ಪೂರ್ತಿ ತೂಗಾಡಿದಾಗ ಕನಿಷ್ಠ ಎರಡಿಂಚು ಸ್ಪ್ಲೈನ್ (ಅದರ ಉದ್ದ ಹಲ್ಲುಗಳು) ಒಳಗೆ ಕಚ್ಚಿರಬೇಕು. ತೂಗಾಡುವ ಸ್ಥಿತಿಯಲ್ಲಿ ಶಾಫ್ಟನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಯೋಕ್‌ನ ಕಿವಿಗಳು ಒಂದಕ್ಕೊಂದು ತಗಲುತ್ತವೆಯೇ ಎಂದು ನೋಡಿ. ತಗಲಿದರೆ ಆಕ್ಸಲ್ ಅಷ್ಟು ಕೆಳಗಿಳಿಯದಂತೆ ಪಟ್ಟಿ ಕಟ್ಟಬೇಕು. ಬ್ಯಾಲೆನ್ಸಿಂಗ್ ಯಂತ್ರವಿರುವ ಕಡೆಯೇ ಶಾಫ್ಟ್ ಮಾಡಿಸಿ. ಕಣ್ಣಳತೆಯಲ್ಲಿ ಬೆಸೆದ ಶಾಫ್ಟ್ ಎಂದಿಗೂ ಸದ್ದು ಬಿಡುವುದಿಲ್ಲ.

ಎಣ್ಣೆ ಜಿಎಲ್-5 ದರ್ಜೆಯ 80ಡಬ್ಲ್ಯು-90 ಅಥವಾ 90. ಪಿನಿಯನ್ ಮೂಗನ್ನು ಮೂಲಕ್ಕಿಂತ ಹೆಚ್ಚು ಮೇಲೆತ್ತಿದ್ದರೆ ಪಿನಿಯನ್‌ನ ಮುಂದಿನ ಬೇರಿಂಗ್‌ಗೆ ಎಣ್ಣೆ ಸಾಲದೆ ಹೋಗುತ್ತದೆ. ಗಾಡಿಯ ಹಿಂಭಾಗವನ್ನು ತುಸು ಎತ್ತಿ, ಆ ಸ್ಥಿತಿಯಲ್ಲಿ ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿಸಿ. ಬ್ರೀದರ್‌ಗೆ (ಆಕ್ಸಲ್‌ನ ಗಾಳಿ ಕಿಂಡಿಗೆ) ರಬ್ಬರ್ ಕೊಳವೆ ಸಿಕ್ಕಿಸಿ ಟಬ್‌ನ (ಜೀಪಿನ ಮೈಯ) ಎತ್ತರಕ್ಕೆ ಒಯ್ಯಿರಿ. ಏರು ಹತ್ತಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಅಥವಾ ಸೀಲ್ ಎಲ್ಲಿ ಸಾಧ್ಯವೋ ಅಲ್ಲಿಂದ ನೀರನ್ನು ಹೀರಿಕೊಳ್ಳುತ್ತದೆ.

ಓಡಿಸಿ ನೋಡುವುದು

ಯು ಬೋಲ್ಟ್‌ಗಳನ್ನು ಗಾಡಿಯ ಭಾರ ಚಕ್ರದ ಮೇಲಿರುವಾಗ, ಎದುರುಬದುರು ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಮೊದಲ ಓಟ ಖಾಲಿ ಗಾಡಿಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಹತ್ತು ಹದಿನೈದು ಕಿ.ಮೀ. ಇರಲಿ. ನಿಲ್ಲಿಸಿ ಎರಡೂ ಡ್ರಮ್ ಮತ್ತು ಪಿನಿಯನ್ ಬಳಿ ಕೈಯಿಟ್ಟು ನೋಡಿ; ಒಂದು ಬದಿ ಮಾತ್ರ ಸುಡುತ್ತಿದ್ದರೆ ಬ್ರೇಕು ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಎಕ್ಸಿಲರೇಟರ್ ಒತ್ತಿದಾಗ ಮಾತ್ರ ಗುಂಯ್‌ಗುಡುವ, ಬಿಟ್ಟಾಗ ನಿಲ್ಲುವ ಸದ್ದು ಕ್ರೌನ್ ಪಿನಿಯನ್ ಹೊಂದಾಣಿಕೆಯದು. ಒತ್ತಿದರೂ ಬಿಟ್ಟರೂ ವೇಗದೊಂದಿಗೆ ಹೆಚ್ಚುವ ಮೊರೆತ ಬಹುತೇಕ ಬೇರಿಂಗ್‌ನದು. ಶಾಫ್ಟ್‌ನ ಒಂದು ಸುತ್ತಿಗೆ ಒಂದು ಸಲ ಬಡಿಯುವ ನಡುಕವಾದರೆ ಬ್ಯಾಲೆನ್ಸ್ ಕೆಟ್ಟಿದೆ; ಒಂದು ಸುತ್ತಿಗೆ ಎರಡು ಸಲವಾದರೆ ಕೋನ ಕೆಟ್ಟಿದೆ. ಹೊರಡುವಾಗ ಹಿಂಭಾಗ ಜಿಗಿಜಿಗಿ ಕುಣಿದರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತಿದೆ. ಪ್ಲೇಟುಗಳನ್ನು ಹಿಡಿಯುವ ಕ್ಲಿಪ್‌ಗಳನ್ನು ಪರೀಕ್ಷಿಸಿ, ಆಗಲೂ ನಿಲ್ಲದಿದ್ದರೆ ಆಕ್ಸಲ್‌ನಿಂದ ಚಾಸಿಗೆ ತಿರುಚು ತಡೆಯುವ ಒಂದು ಟ್ರ್ಯಾಕ್ಷನ್ ಬಾರ್ ಬೇಕಾಗುತ್ತದೆ.

ಫೋರ್ ವೀಲ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬೇಡಿ. ಸಡಿಲ ಮಣ್ಣಿನಲ್ಲಿ ನೇರವಾಗಿ ನೂರು ಮೀಟರ್ ಓಡಿಸಿ ಲಿವರ್ ಬಿಡಿಸಿ; ಅದು ಸಲೀಸಾಗಿ ಬಿಡಬೇಕು. ಕಚ್ಚಿಕೊಂಡು ರಿವರ್ಸ್ ಹಾಕಿದರೆ ಮಾತ್ರ ಬಿಡುವಂತಿದ್ದರೆ ಮುಂದಿನ ಹಿಂದಿನ ಅನುಪಾತ ಅಥವಾ ಟೈರಿನ ಸುತ್ತಳತೆ ಹೊಂದುತ್ತಿಲ್ಲ, ಮತ್ತೆ ಎಣಿಸಿ. ಸ್ಪೀಡೋಮೀಟರ್ ಟ್ರಾನ್ಸ್‌ಫರ್ ಕೇಸ್‌ನಿಂದ ಓಡುವುದರಿಂದ 31 ಇಂಚಿನ ಟೈರಿನಲ್ಲಿ ಅದು 60 ತೋರಿಸುವಾಗ ನಿಜವಾದ ವೇಗ 66 ಕಿ.ಮೀ.

ಮೊದಲ 100 ಕಿ.ಮೀ. ಆದೊಡನೆ ಯು ಬೋಲ್ಟ್, ಚಕ್ರದ ನಟ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಪ್ಲೇಟುಗಳ ನಡುವಿನ ತುಕ್ಕು, ಬಣ್ಣ ಉದುರಿ ಯು ಬೋಲ್ಟ್ ಸಡಿಲಾಗುವುದು ಖಂಡಿತ. 1,000 ಕಿ.ಮೀ.ಗೆ ಎಣ್ಣೆ ಬಸಿದು ಹೊಸದು ತುಂಬಿಸಿ, ಸೀಟಿನ ಬೆಸುಗೆಯ ಅಂಚುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಬಿರುಕು ಹುಡುಕಿ. ನಂತರ ಪ್ರತಿ ವರ್ಷ ಮಳೆಗಾಲ ಮುಗಿದು ಅರೇಬಿಕಾ ಕೊಯ್ಲು ಶುರುವಾಗುವ ಮೊದಲು, ಅಂದರೆ ಅಕ್ಟೋಬರ್ ಸುಮಾರಿಗೆ, ಡ್ರೇನ್ ಪ್ಲಗ್ಗನ್ನು ಸಡಿಲಿಸಿ ನಾಲ್ಕು ಹನಿ ಎಣ್ಣೆ ನೋಡಿದರೆ ಒಳಗೆ ನೀರು ಹೊಕ್ಕಿದೆಯೇ ಎಂಬುದು ಗೊತ್ತಾಗುತ್ತದೆ. ಇಳಿಸಿದ ಹಳೆಯ ಆಕ್ಸಲ್‌ನೊಳಗೆ ಸ್ವಲ್ಪ ಎಣ್ಣೆ ಬಿಟ್ಟು, ಬಾಯಿಗಳನ್ನೆಲ್ಲ ಮುಚ್ಚಿ, ಕಾಫಿ ಗೋದಾಮಿನ ಒಣ ಮೂಲೆಯಲ್ಲಿ ಇಡಿ. ಅದರ ಅಳತೆಗಳ ಚೀಟಿಯನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೌಸಿಂಗ್‌ಗೆ ಕಟ್ಟಿಡಿ.